ಹತ್ತನೆಯ ತರಗತಿಯ ಹಾರಕ್ಕಿಂತ ಐದನೆಯ ತರಗತಿಯ ಆಸರೆ ದೊಡ್ಡದು

ಹೊರನಾಡಿನ ಕನ್ನಡ ಸಂಘ ಸಂಸ್ಥೆಗಳ ವರ್ಷದ ಕಾರ್ಯಕ್ರಮ ಪಟ್ಟಿಯಲ್ಲಿ ಪ್ರತಿಭಾ ಪುರಸ್ಕಾರಕ್ಕೆ ಒಂದು ದಿನ ಮೀಸಲಾಗಿಯೇ ಇರುತ್ತದೆ. ಎಸ್.ಎಸ್.ಸಿ. ಫಲಿತಾಂಶ ಬಂದು ತಿಂಗಳೆರಡು ತಿಂಗಳಲ್ಲಿ ಸಭಾಗೃಹ ಗೊತ್ತಾಗುತ್ತದೆ, ಮುಖ್ಯ ಅತಿಥಿಗಳು ನಿಶ್ಚಯವಾಗುತ್ತಾರೆ, ಶೇಕಡಾ ತೊಂಬತ್ತು ದಾಟಿದ ಮಕ್ಕಳಿಗೆ ಶಾಲು, ಹಾರ, ಸ್ಮರಣಿಕೆ, ನಗದು ಬಹುಮಾನ ದೊರೆಯುತ್ತವೆ. ಇದು ಶ್ಲಾಘನೀಯ ಪದ್ಧತಿ. ದಾನಿಗಳ ಉದಾರತೆಯನ್ನು ಯಾರೂ ಕಡಿಮೆ ಮಾಡಿ ಹೇಳಬೇಕಾಗಿಲ್ಲ. ಆದರೆ ಈ ವೇದಿಕೆ ಹತ್ತುವ ಮಕ್ಕಳು ಹೇಗೂ ಗೆದ್ದವರು. ವೇದಿಕೆಯವರೆಗೆ ಬರಲಾಗದೆ ಐದು, ಆರು, ಏಳನೆಯ ತರಗತಿಯಲ್ಲಿಯೇ ಚೀಲ ಕೆಳಗಿಟ್ಟ ಕನ್ನಡದ ಮಕ್ಕಳ ಲೆಕ್ಕ ಯಾವ ಸಂಘದ ವಾರ್ಷಿಕ ವರದಿಯಲ್ಲಿದೆ ಎಂಬುದು ಇಂದು ಕೇಳಿಕೊಳ್ಳಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನು ಪುಣೆಯ ಮಾರ್ಕೆಟ್ ಯಾರ್ಡಿನಷ್ಟು ಸ್ಪಷ್ಟವಾಗಿ ಕೇಳುವ ಜಾಗ ಇನ್ನೊಂದಿಲ್ಲ.

ಮಾರ್ಕೆಟ್ ಯಾರ್ಡಿನ ಕನ್ನಡ

ಗುಲ್ಟೇಕಡಿಯ ಈ ಸಗಟು ಪೇಟೆ ಪುಣೆ ನಗರದ ಅಡುಗೆಮನೆಯ ಕೀಲಿಕೈ. ಕಾಯಿಪಲ್ಲೆ, ಹಣ್ಣು, ಹೂವು, ಬೆಲ್ಲ, ಕಾಳುಕಡಿ ಎಲ್ಲ ಇಲ್ಲಿಂದಲೇ ಊರಿಗೆ ಹರಿಯುತ್ತದೆ. ಅದನ್ನು ಲಾರಿಯಿಂದ ಇಳಿಸುವ, ತೂಗುವ, ಹೊರುವ, ಆರಿಸುವ ಕೈಗಳಲ್ಲಿ ಕನ್ನಡದ ಕೈಗಳೂ ಇವೆ. ವಾಡಿ, ಸೊಲ್ಲಾಪುರ, ದೌಂಡ್ ಮಾರ್ಗವಾಗಿ ಬರುವ ರೈಲು ಕಲಬುರಗಿ, ಯಾದಗಿರಿ ಕಡೆಯ ಕುಟುಂಬಗಳನ್ನು ಪುಣೆಗೆ ತಂದಿಳಿಸುತ್ತದೆ. ವಿಜಯಪುರ, ಅಕ್ಕಲಕೋಟೆ, ಜತ್ತ ಭಾಗದವರೂ ಇದ್ದಾರೆ. ಗಂಡಸರು ಹಮಾಲಿಗೆ, ಗಾರೆ ಕೆಲಸಕ್ಕೆ ಹೋದರೆ ಹೆಂಗಸರು ಮನೆಗೆಲಸಕ್ಕೆ, ಕಾಳು ಹಸನು ಮಾಡಲು ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಬರುವವರ ಸಂಖ್ಯೆ ಹೆಚ್ಚು.

ಕೂಲಿಕಾರನಿಗೂ ಗೌರವ ಉಂಟೆಂದು ತೋರಿಸಿಕೊಟ್ಟ ಪೇಟೆ ಇದು ಎಂಬುದನ್ನೂ ಮರೆಯಬಾರದು. ಡಾ. ಬಾಬಾ ಆಢಾವ್ ಅವರು ಐವತ್ತರ ದಶಕದಲ್ಲಿ ಕಟ್ಟಿದ ಹಮಾಲ್ ಪಂಚಾಯತ್ ಪುಣೆಯ ಹಮಾಲರನ್ನು ಒಂದುಗೂಡಿಸಿತು. ಹೊರೆ ಹೊರುವವರ ಕೂಲಿ ಹಾಗೂ ಭದ್ರತೆಗಾಗಿ ಮಹಾರಾಷ್ಟ್ರದಲ್ಲಿ 1969ರಲ್ಲಿ ಮಾಥಾಡಿ ಕಾಯ್ದೆ ಬಂತು. 1974ರಲ್ಲಿ ಹಮಾಲ್ ಪಂಚಾಯತ್ ದುಡಿಯುವವರಿಗೆ ಅಗ್ಗದ ಊಟ ಒದಗಿಸುವ 'ಕಷ್ಟಾಚಿ ಭಾಕರ್' ಕೇಂದ್ರಗಳನ್ನು ತೆರೆಯಿತು. 2025ರ ಡಿಸೆಂಬರ್‌ನಲ್ಲಿ ಆಢಾವ್ ಅವರು ನಿಧನರಾದಾಗ ಪುಣೆಯ ಶ್ರಮಿಕ ವರ್ಗ ಅನಾಥಭಾವ ಅನುಭವಿಸಿತು. ದುಡಿಯುವವನ ಹೊಟ್ಟೆ, ಕೂಲಿ, ಹಕ್ಕು ಇವುಗಳ ಬಗ್ಗೆ ಇಷ್ಟೆಲ್ಲ ಆಗಿರುವ ಪೇಟೆಯಲ್ಲಿ ಅವನ ಮಗುವಿನ ಕನ್ನಡ ಪಾಠದ ಬಗ್ಗೆ ಚಿಂತಿಸಬೇಕಾದವರು ಯಾರು? ಬೇರೆ ಯಾರೂ ಬರುವುದಿಲ್ಲ, ಕನ್ನಡಿಗರೇ ಬರಬೇಕು.

ನಡುವಿನ ತರಗತಿಗಳ ಕಂದಕ

ಹಳೆಯ ಮುಂಬಯಿ ಪ್ರಾಂತದ ಕಾಲದಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಇದ್ದ ಘನತೆ ಹಿರಿಯರಿಗೆ ಗೊತ್ತು. ಮುಲ್ಕಿ ಪಾಸಾದವನು ಊರಿನಲ್ಲಿ ಮಾಸ್ತರನಾಗುತ್ತಿದ್ದ, ತಲಾಠಿಯಾಗುತ್ತಿದ್ದ. ಇಂದು ಏಳನೆಯ ತರಗತಿಗೆ ಅಂಥ ಬೆಲೆ ಉಳಿದಿಲ್ಲ, ಆದರೆ ಮಗುವಿನ ಬಾಳು ಕವಲೊಡೆಯುವ ಜಾಗ ಈಗಲೂ ಅದೇ.

ಯಾದಗಿರಿಯ ಹಳ್ಳಿಯಲ್ಲಿ ಐದನೆಯ ತರಗತಿವರೆಗೆ ಕನ್ನಡದಲ್ಲಿ ಓದಿದ ಹುಡುಗಿಯೊಬ್ಬಳು ತಂದೆತಾಯಿಯ ಜೊತೆ ದಸರೆಯ ನಂತರ ಮಾರ್ಕೆಟ್ ಯಾರ್ಡಿಗೆ ಬರುತ್ತಾಳೆ ಎಂದಿಟ್ಟುಕೊಳ್ಳೋಣ. ಹತ್ತಿರದ ಮರಾಠಿ ಶಾಲೆ ಅವಳನ್ನು ಸೇರಿಸಿಕೊಳ್ಳುತ್ತದೆ. ಮರಾಠಿ ಮಾತು ಅವಳಿಗೆ ಆರು ತಿಂಗಳಲ್ಲಿ ಬಂದೀತು, ಮಕ್ಕಳಿಗೆ ಮಾತು ಬೇಗ ಹತ್ತುತ್ತದೆ. ಆದರೆ ಲಿಪಿ ಬೇರೆ, ಗಣಿತದ ಪುಸ್ತಕದಲ್ಲಿರುವ ಅಂಕಿಗಳೂ ದೇವನಾಗರಿ. ಊರಿನಲ್ಲಿ ನಿರರ್ಗಳವಾಗಿ ಓದುತ್ತಿದ್ದವಳು ಇಲ್ಲಿ ಕಡೆಯ ಬೆಂಚಿನ ದಡ್ಡಿ ಎನಿಸಿಕೊಳ್ಳುತ್ತಾಳೆ. ಶಿಕ್ಷಕರ ತಪ್ಪು ಇದರಲ್ಲಿಲ್ಲ, ಆರನೆಯ ತರಗತಿಯಲ್ಲಿ ಅಕ್ಷರಮಾಲೆ ಹೇಳಿಕೊಡಲು ಅವರಿಗೆ ಪುರುಸೊತ್ತೆಲ್ಲಿ? ಒಂದು ವರ್ಷ ನಾಚಿಕೆಯಲ್ಲಿ ಕಳೆದು, ಎರಡನೆಯ ವರ್ಷ ಅವಳು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾಳೆ.

ಒಂದನೆಯ ತರಗತಿಯಿಂದಲೇ ಪುಣೆಯಲ್ಲಿ ಬೆಳೆಯುವ ಮಗು ಮರಾಠಿ ಶಾಲೆಗೆ ಹೋದರೆ ಚಿಂತೆಯಿಲ್ಲ, ಅದು ಈ ನೆಲದ ಭಾಷೆ, ಮಗು ಅದರಲ್ಲಿ ಅರಳುತ್ತದೆ. ಪ್ರಶ್ನೆ ಇರುವುದು ಕನ್ನಡದಲ್ಲಿ ಐದಾರು ವರ್ಷ ಓದಿ ಬಂದ ಮಗುವಿನದು. ಆ ಮಗುವಿಗೆ ಕನ್ನಡದ ನಡುಶಾಲೆ ಎಂಬುದು ಬರಿ ಭಾಷಾಭಿಮಾನದ ವಿಷಯವಲ್ಲ, ಕಲಿತದ್ದು ನೀರುಪಾಲಾಗದಂತೆ ತಡೆಯುವ ಕಟ್ಟೆ.

ಹಾಗಾದರೆ ಕನ್ನಡದಲ್ಲಿ ಓದಿ ಮುಂದೇನು ಎಂದು ಹಲವರು ಕೇಳುತ್ತಾರೆ. ಮಹಾರಾಷ್ಟ್ರದ ಶಾಲೆಗಳಲ್ಲಿ 2000ದಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. 2020ರ ಕಾಯ್ದೆಯ ಪ್ರಕಾರ ಎಲ್ಲ ಮಾಧ್ಯಮದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಅಂದರೆ ಪುಣೆಯ ಕನ್ನಡ ಶಾಲೆಯ ಮಗು ಮರಾಠಿಯನ್ನೂ ಇಂಗ್ಲಿಷನ್ನೂ ಕಲಿಯುತ್ತದೆ, ಹಿಂದಿ ಬೀದಿಯಲ್ಲೇ ಸಿಗುತ್ತದೆ. ಗಣಿತ, ವಿಜ್ಞಾನ ಮಾತ್ರ ತನಗೆ ತಿಳಿಯುವ ಭಾಷೆಯಲ್ಲಿ. ನಾಲ್ಕು ಭಾಷೆ ಬಲ್ಲ ಹದಿನಾಲ್ಕರ ಹುಡುಗ ಹಿಂದೆ ಬಿದ್ದವನೆಂದು ಯಾರು ಹೇಳಿಯಾರು?

ಇದ್ದದ್ದನ್ನು ಗುರುತಿಸೋಣ

ಪುಣೆಯಲ್ಲಿ ಕನ್ನಡ ಶಾಲೆಯೇ ಇಲ್ಲ ಎಂದು ನಂಬಿರುವ ಕನ್ನಡಿಗರೂ ಇದ್ದಾರೆ. ಅವರಿಗಾಗಿ ಹೇಳಬೇಕಾದ ಮಾತು: ಪುಣೆಯ ಕನ್ನಡ ಸಂಘ ಎರಂಡವಣೆಯ ಕೇತ್ಕರ್ ರಸ್ತೆಯಲ್ಲಿ ಡಾ. ಕಲ್ಮಾಡಿ ಶಾಮರಾವ್ ಅವರ ಹೆಸರಿನಲ್ಲಿ ಕನ್ನಡ ಮಾಧ್ಯಮ ಶಾಲೆಯನ್ನು ನಡೆಸಿಕೊಂಡು ಬಂದಿದೆ. ಅದೇ ಸಂಘ ಕಾವೇರಿ ಹೆಸರಿನಲ್ಲಿ ಕಾಲೇಜನ್ನೂ ಕಟ್ಟಿದೆ. ಪುಣೆ ಮಹಾನಗರಪಾಲಿಕೆ ಕೂಡ ಮರಾಠಿ, ಉರ್ದು, ಇಂಗ್ಲಿಷ್ ಮಾಧ್ಯಮಗಳ ಜೊತೆಗೆ ಕನ್ನಡ ಮಾಧ್ಯಮಕ್ಕೂ ಜಾಗ ಕೊಟ್ಟ ಪಾಲಿಕೆ. ಇನ್ನೊಂದು ಹೆಮ್ಮೆಯ ಸಂಗತಿಯುಂಟು. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳವಾದ ಬಾಲಭಾರತಿ 1967ರ ಜನವರಿ 27ರಂದು ಸ್ಥಾಪನೆಯಾಯಿತು, ಅದರ ಕಚೇರಿ ಇದೇ ಪುಣೆಯ ಸೇನಾಪತಿ ಬಾಪಟ್ ರಸ್ತೆಯಲ್ಲಿದೆ. ಮರಾಠಿ, ಉರ್ದು, ಗುಜರಾತಿ, ಸಿಂಧಿ, ತೆಲುಗು ಮುಂತಾದ ಭಾಷೆಗಳ ಜೊತೆ ಕನ್ನಡದಲ್ಲೂ ಅದು ಪುಸ್ತಕ ಹೊರತರುತ್ತದೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕನ್ನಡ ಮಕ್ಕಳು ಓದುವ ವಿಜ್ಞಾನದ ಪುಸ್ತಕ ಸಿದ್ಧವಾಗುವುದು ಪುಣೆಯಲ್ಲಿ! ಪುಸ್ತಕ ಇಲ್ಲೇ ತಯಾರಾಗುತ್ತದೆ, ಶಾಲೆ ಇದೆ, ಮಕ್ಕಳೂ ಇದ್ದಾರೆ. ಮೂರನ್ನೂ ಸೇರಿಸುವ ಕೊಂಡಿ ಮಾತ್ರ ಸಡಿಲ.

ಕೇತ್ಕರ್ ರಸ್ತೆಯ ಶಾಲೆಯ ಆವರಣವನ್ನು ಪುಣೆಯ ಕನ್ನಡ ಸಂಘಟನೆಗಳ ಸದಸ್ಯರು ಚೆನ್ನಾಗಿ ಬಲ್ಲರು. ಅಲ್ಲಿನ ಶಕುಂತಲಾ ಜಗನ್ನಾಥ ಶೆಟ್ಟಿ ಸಭಾಗೃಹದಲ್ಲಿ ಯಕ್ಷಗಾನ, ತಾಳಮದ್ದಳೆ, ರಾಜ್ಯೋತ್ಸವ, ಸನ್ಮಾನ ಸಮಾರಂಭಗಳು ನಡೆಯುತ್ತ ಬಂದಿವೆ. ಸಭಾಗೃಹಕ್ಕೆ ಬರುವವರು ಒಂದು ದಿನ ಶಾಲೆ ನಡೆಯುವ ಹೊತ್ತಿಗೆ ಬಂದು ತರಗತಿಯ ಕಡೆಗೂ ಕಣ್ಣು ಹಾಯಿಸಿದರೆ ಅರ್ಧ ಕೆಲಸವಾದಂತೆ. ಅಪ್ರಿಯವಾದರೂ ಹೇಳಲೇಬೇಕಾದ ಸತ್ಯ ಒಂದಿದೆ: ಹೊರನಾಡಿನಲ್ಲಿ ಬಹುಮಟ್ಟಿಗೆ ಸಂಘದ ಸದಸ್ಯರ ಮಕ್ಕಳು ಕನ್ನಡ ಶಾಲೆಯಲ್ಲಿಲ್ಲ, ಕನ್ನಡ ಶಾಲೆಗೆ ಬರಬಹುದಾದ ಮಕ್ಕಳ ತಂದೆತಾಯಿ ಸಂಘದ ಸದಸ್ಯರಲ್ಲ. ಕರಾವಳಿಯಿಂದ ಬಂದ ಹೋಟೆಲ್ ಉದ್ಯಮಿ, ಬೆಂಗಳೂರು ಮೈಸೂರಿನಿಂದ ಬಂದ ಸಾಫ್ಟ್‌ವೇರ್ ಎಂಜಿನಿಯರ್, ಕಲಬುರಗಿಯಿಂದ ಬಂದ ಹಮಾಲ, ಮೂವರದ್ದೂ ಕನ್ನಡವೇ. ಆದರೆ ಆಮಂತ್ರಣ ಪತ್ರಿಕೆ ತಲುಪುವುದು ಮೊದಲಿನ ಇಬ್ಬರಿಗೆ ಮಾತ್ರ.

ಹಿರಿಯರು ತೋರಿದ ದಾರಿ

ಸಂಘಗಳು ಹುಟ್ಟಿದ್ದೇ ಶಾಲೆಗಾಗಿ ಎಂಬುದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಸ್ಥಾಪನೆಯಾಯಿತು, 1908ರಲ್ಲೇ ಉಚಿತ ರಾತ್ರಿ ಶಾಲೆ ತೆರೆಯಿತು. ಆಮೇಲೆ ಫೋರ್ಟ್‌ನಿಂದ ಉಪನಗರಗಳವರೆಗೆ ಒಂದೊಂದು ಸಮಾಜ, ಒಂದೊಂದು ಸಂಘ ಕನ್ನಡದ ರಾತ್ರಿ ಶಾಲೆಗಳನ್ನು ನಡೆಸಿತು. ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದ, ಕ್ಯಾಂಟೀನಿನಲ್ಲಿ ಚಹಾ ಕೊಟ್ಟ ಹುಡುಗರು ರಾತ್ರಿ ಅಲ್ಲಿ ಕುಳಿತು ಮೆಟ್ರಿಕ್ ಮುಗಿಸಿದರು. ಇಂದು ಮುಂಬಯಿ ಪುಣೆಗಳಲ್ಲಿ ವಕೀಲರು, ಬ್ಯಾಂಕ್ ಅಧಿಕಾರಿಗಳು, ಉದ್ಯಮಿಗಳು ಎಂದು ಹೆಸರಾದ ಹಿರಿಯ ತಲೆಮಾರಿನ ಎಷ್ಟೋ ಜನ ಆ ದೀಪದ ಬೆಳಕಿನಲ್ಲಿ ಓದಿದವರು. ಪುಣೆಯ ವೈಶಾಲಿ ಹೋಟೆಲನ್ನು ಮನೆಮಾತಾಗಿಸಿ 2023ರಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟಿಯವರೂ ಎಳವೆಯಲ್ಲೇ ಊರು ಬಿಟ್ಟು ಹೋಟೆಲ್ ಕೆಲಸಕ್ಕೆ ನಿಂತವರು. ಎಳವೆಯಲ್ಲಿ ದುಡಿಯುವುದರ ಕಷ್ಟ ಈ ಸಮಾಜಕ್ಕೆ ಯಾರೂ ಪಾಠ ಮಾಡಬೇಕಾಗಿಲ್ಲ.

ಪುಣೆಯ ಮಣ್ಣೂ ಅಂಥದ್ದೇ. 1848ರಲ್ಲಿ ಭಿಡೆ ವಾಡೆಯಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಊರಿದು. ಆಲೂರ ವೆಂಕಟರಾಯರು, ದ.ರಾ. ಬೇಂದ್ರೆಯವರು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. ಗದಗ ಸೀಮೆಯ ಭೀಮಸೇನ ಜೋಶಿಯವರಿಗೆ ಈ ಊರು ಮನೆಯಾಯಿತು. ಧಾರವಾಡ ಸೀಮೆಯಿಂದ ಬಂದ ಕನ್ನಡಿಗರಿಗೆ ಪುಣೆ ಕೊಟ್ಟದ್ದನ್ನು ಇಂದು ಮಾರ್ಕೆಟ್ ಯಾರ್ಡಿನ ಕನ್ನಡ ಮಗುವಿಗೂ ಸಿಗುವಂತೆ ಮಾಡುವುದು ಇಲ್ಲಿ ನೆಲೆ ಕಂಡವರ ಋಣ.

ಸಾಧನೆಯ ಅಳತೆಗೋಲು ಬದಲಾಗಲಿ

ಒಂದು ಶಾಲೆಯ ಸಾಧನೆಯನ್ನು ನೂರಕ್ಕೆ ನೂರು ಫಲಿತಾಂಶದಿಂದ ಅಳೆಯುವುದು ರೂಢಿ. ಫಲಿತಾಂಶ ಮುಖ್ಯ, ಇಲ್ಲವೆನ್ನಲಾಗದು. ಆದರೆ ಹತ್ತನೆಯ ತರಗತಿಯಲ್ಲಿ ಹದಿನೈದು ಮಕ್ಕಳು ಕುಳಿತು ಹದಿನೈದೂ ಪಾಸಾದರೆ ಸಂತೋಷಪಡುವ ಮೊದಲು, ಇದೇ ಮಕ್ಕಳು ಐದನೆಯ ತರಗತಿಯಲ್ಲಿ ಎಷ್ಟು ಮಂದಿ ಇದ್ದರು ಎಂದು ಕೇಳಬೇಕು. ಮೂವತ್ತು ಇದ್ದು ಹದಿನೈದಾಗಿದ್ದರೆ ಫಲಿತಾಂಶ ಐವತ್ತೇ. ಕೂಲಿಕಾರರ ಮಕ್ಕಳನ್ನು ಐದರಿಂದ ಎಂಟಕ್ಕೆ, ಎಂಟರಿಂದ ಹತ್ತಕ್ಕೆ ಒಬ್ಬರನ್ನೂ ಬಿಡದೆ ದಾಟಿಸುವ ಶಾಲೆ ಶೇಕಡಾ ತೊಂಬತ್ತೈದರ ಒಂದು ಫೋಟೋಕ್ಕಿಂತ ದೊಡ್ಡ ಸಾಧನೆ ಮಾಡಿದಂತೆ.

ಶಾಲೆಯ ಮೌಲ್ಯ ಎಂಬ ಮಾತಿಗೂ ಇದೇ ಒರೆಗಲ್ಲು. ಗೋಡೆಯ ಮೇಲಿನ ಸುಭಾಷಿತ, ಪ್ರಾರ್ಥನೆಯ ಶಿಸ್ತು ಇವೆಲ್ಲ ಬೇಕು. ಇವುಗಳ ಜೊತೆಗೆ, ನವೆಂಬರಿನಲ್ಲಿ ನಡುವರ್ಷಕ್ಕೆ ಬಂದ ಮಗುವಿಗೆ ಬೆಂಚಿನಲ್ಲಿ ಜಾಗ ಕೊಡುವುದು, ಯುಗಾದಿಗೆ ಊರಿಗೆ ಹೋದ ಮಗು ಜೂನ್‌ನಲ್ಲಿ ಮರಳಿ ಬಂತೇ ಎಂದು ವಿಚಾರಿಸುವುದು, ಮನೆಯಲ್ಲಿ ಓದು ಬಾರದ ತಾಯಿಯೊಂದಿಗೆ ಕನ್ನಡದಲ್ಲಿ ಮಾತಾಡುವುದು, ಇವೂ ಮೌಲ್ಯಗಳೇ. ಕನ್ನಡ ಶಾಲೆ ಇತರ ಯಾವ ಶಾಲೆಗಿಂತ ಚೆನ್ನಾಗಿ ಮಾಡಬಲ್ಲ ಕೆಲಸ ಇದು.

ಕಾನೂನು ಸಹ ಮಗುವಿನ ಬೆನ್ನಿಗಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಂತೆ ಆರರಿಂದ ಹದಿನಾಲ್ಕು ವಯಸ್ಸಿನವರಿಗೆ ಎಂಟನೆಯ ತರಗತಿವರೆಗೆ ಶಿಕ್ಷಣ ಉಚಿತ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಟಿ.ಸಿ. ತಡವಾಯಿತು, ಜನನ ಪತ್ರ ಇಲ್ಲ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಸಬೇಕೆಂದೂ ಅದರಲ್ಲಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಲ್ಲೇ ಹೇಳಿದೆ. ಇವನ್ನು ಓದಿ ಹೇಳಲು ವಸ್ತಿಯಲ್ಲಿ ಕನ್ನಡ ಬಲ್ಲ ಒಬ್ಬರಿದ್ದರೆ ಸಾಕು.

ಅಪಾಯವೂ ಇದೆ. 2024ರ ಮಾರ್ಚ್ 15ರ ಮಹಾರಾಷ್ಟ್ರ ಸರ್ಕಾರದ ಆದೇಶ ಮಕ್ಕಳ ಸಂಖ್ಯೆಗೆ ತಕ್ಕಂತೆ ಶಿಕ್ಷಕರ ಹುದ್ದೆ ಎಂದು ಬಿಗಿ ಮಾಡಿತು. ಆರರಿಂದ ಎಂಟನೆಯ ತರಗತಿಗಳಲ್ಲಿ ಮಕ್ಕಳು ತೀರ ಕಡಿಮೆಯಾದ ಶಾಲೆಗಳ ಹುದ್ದೆಗಳು ತೂಗುಯ್ಯಾಲೆಗೆ ಬಂದವು, ಶಿಕ್ಷಕ ಸಂಘಟನೆಗಳು ಪ್ರತಿಭಟಿಸಿದವು. ಅಲ್ಪಸಂಖ್ಯಾತ ಭಾಷೆಯ ಶಾಲೆಗಳಿಗೆ ಈ ಪೆಟ್ಟು ಎಲ್ಲರಿಗಿಂತ ಮೊದಲು ತಗಲುತ್ತದೆ. ಹುಡುಗರಿಲ್ಲವೆಂದು ಮಾಸ್ತರರಿಲ್ಲ, ಮಾಸ್ತರರಿಲ್ಲವೆಂದು ಹುಡುಗರಿಲ್ಲ, ಕಡೆಗೆ ಶಾಲೆಯೇ ಇಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಮಕ್ಕಳು ಶಾಲೆಗಾಗಿ ಕಾಯುತ್ತಿರುವಾಗ ಇತ್ತ ಕನ್ನಡ ಶಾಲೆ ಮಕ್ಕಳಿಗಾಗಿ ಕಾಯುವಂತಾದರೆ ಅದಕ್ಕಿಂತ ದೊಡ್ಡ ವಿಪರ್ಯಾಸವಿಲ್ಲ.

ಸಂಘಗಳು ಮಾಡಬಹುದಾದದ್ದು

ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಕಾಗಿಲ್ಲ. ಸಂಘಗಳು ಮನಸ್ಸು ಮಾಡಿದರೆ ಬರುವ ಜೂನ್‌ನಿಂದಲೇ ಆರಂಭಿಸಬಹುದಾದ ಕೆಲಸಗಳಿವೆ.

ಮೊದಲನೆಯದು, ಮನೆಮನೆ ಭೇಟಿ. ಮೇ ತಿಂಗಳ ಕೊನೆಗೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ, ಮಾರ್ಕೆಟ್ ಯಾರ್ಡ್, ಗುಲ್ಟೇಕಡಿ, ಬಿಬವೇವಾಡಿ ಸುತ್ತಲಿನ ವಸ್ತಿಗಳಿಗೆ ಹೋಗಿ ಕನ್ನಡ ಓದಬಲ್ಲ ಮಕ್ಕಳ ಪಟ್ಟಿ ಮಾಡುವುದು. ಅರಸಿನ ಕುಂಕುಮ ಕಾರ್ಯಕ್ರಮಕ್ಕೆ ನೂರಾರು ಮನೆ ಸುತ್ತಿ ಆಮಂತ್ರಣ ಕೊಡುವ ಮಹಿಳಾ ವಿಭಾಗದ ಸಹೋದರಿಯರಿಗೆ ಇದು ಅಸಾಧ್ಯವೇನಲ್ಲ. ತಾಯಂದಿರ ಹತ್ತಿರ ಅವರು ಮಾತಾಡಿದರೆ ನಾಲ್ಕು ಕರಪತ್ರಗಳ ಕೆಲಸ ಒಂದು ಮಾತಿನಲ್ಲಾಗುತ್ತದೆ.

ಎರಡನೆಯದು, ಪ್ರಯಾಣ. ಆರರಿಂದ ಎಂಟನೆಯ ತರಗತಿಯ ಶಾಲೆ ಮೂರು ಕಿಲೋಮೀಟರ್ ಒಳಗಿರಬೇಕೆಂದು ನಿಯಮ ಹೇಳುತ್ತದೆ. ಕನ್ನಡ ಶಾಲೆಗಾದರೋ ಮಾರ್ಕೆಟ್ ಯಾರ್ಡಿನ ಮಗು ಸ್ವಾರಗೇಟ್ ದಾಟಿ ಊರಿನ ಇನ್ನೊಂದು ಮಗ್ಗುಲಿಗೆ ಹೋಗಬೇಕು. ಹತ್ತು ವರ್ಷದ ಹುಡುಗಿಯನ್ನು ಅಷ್ಟು ದೂರ ಒಬ್ಬಳೇ ಕಳಿಸಲು ಯಾವ ತಾಯಿಗೆ ಧೈರ್ಯ? ಬಸ್ ಪಾಸು, ಜೊತೆಗೆ ಹೋಗಿಬರಲು ಒಬ್ಬ ನಂಬಿಕಸ್ತ ಹೆಂಗಸು, ಮಕ್ಕಳು ಹೆಚ್ಚಾದರೆ ಒಂದು ವ್ಯಾನು. ಒಂದು ಸಮಾರಂಭದ ಊಟದ ಖರ್ಚಿನಲ್ಲಿ ಇದರ ಬಹುಪಾಲು ನಡೆಯುತ್ತದೆ.

ಮೂರನೆಯದು, ವಿದ್ಯಾರ್ಥಿವೇತನ ಪರೀಕ್ಷೆಯ ತರಬೇತಿ. ಎಂಟನೆಯ ತರಗತಿಯಲ್ಲಿ ನಡೆಯುವ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿವರೆಗೆ ತಿಂಗಳಿಗೆ 1,000 ರೂಪಾಯಿ, ನಾಲ್ಕು ವರ್ಷಕ್ಕೆ 48,000 ರೂಪಾಯಿ ದೊರೆಯುತ್ತದೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿದ್ದು, ಸರ್ಕಾರಿ, ಪಾಲಿಕೆ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು. ಮಹಾರಾಷ್ಟ್ರದಲ್ಲಿ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ರಾಜ್ಯದ ಶಿಷ್ಯವೃತ್ತಿ ಪರೀಕ್ಷೆಗೂ ಕನ್ನಡ ಮಾಧ್ಯಮವಿದೆ. ಅದರ ತರಗತಿ ಕಾಲಕಾಲಕ್ಕೆ ಬದಲಾಗಿದ್ದರೂ ಬರುವುದು ಈ ನಡುವಿನ ವರ್ಷಗಳಲ್ಲೇ. ಹಿಂಜವಡಿಯ ಕನ್ನಡಿಗ ಎಂಜಿನಿಯರುಗಳು ಶನಿವಾರ ಎರಡು ಗಂಟೆ ಗಣಿತ, ಬುದ್ಧಿಮತ್ತೆಯ ಪ್ರಶ್ನೆಗಳನ್ನು ಹೇಳಿಕೊಟ್ಟರೆ ಸಾಕು. ಸಂಘ ಕೊಡುವ ಒಂದು ಬಾರಿಯ ಬಹುಮಾನಕ್ಕಿಂತ ಮಗು ತಾನೇ ಗಳಿಸಿದ ಈ ಹಣ ಹೆಚ್ಚು ದೂರ ನಡೆಸುತ್ತದೆ. ದುಡಿಯಲು ಕಳಿಸಬೇಕೆಂದಿದ್ದ ತಂದೆಯೂ ಓದಲಿ ಬಿಡು ಎನ್ನುತ್ತಾನೆ.

ನಾಲ್ಕನೆಯದು, ಎಂಟರಿಂದ ಒಂಬತ್ತಕ್ಕೆ ಸೇತುವೆ. ಶಿಕ್ಷಣ ಹಕ್ಕಿನ ಕಾಯ್ದೆ, ಮಧ್ಯಾಹ್ನದ ಊಟ, ಉಚಿತ ಪುಸ್ತಕ ಎಲ್ಲವೂ ಎಂಟನೆಯ ತರಗತಿಗೆ ನಿಲ್ಲುತ್ತವೆ. ಬಡವನ ಮನೆಯಲ್ಲಿ ಓದು ನಿಲ್ಲುವುದೂ ಅಲ್ಲೇ. ಜುಲೈಯಲ್ಲಿ ಎಲ್ಲರಿಗೂ ನೋಟ್‌ಬುಕ್ ಹಂಚುವ ಬದಲು ಒಂಬತ್ತನೆಯ ತರಗತಿಗೆ ಕಾಲಿಡುವ ಮಕ್ಕಳ ಫೀಸು, ಪುಸ್ತಕ, ಪಾಸಿನ ಹೊಣೆಯನ್ನು ಒಂದೊಂದು ದಾನಿ ಕುಟುಂಬ ಎರಡೆರಡು ವರ್ಷ ಹೊತ್ತರೆ ಹಣ ಸದ್ವಿನಿಯೋಗವಾಗುತ್ತದೆ.

ಕೊನೆಯದಾಗಿ, ಸನ್ಮಾನ. ಪ್ರತಿಭಾ ಪುರಸ್ಕಾರ ನಿಲ್ಲಬೇಕಿಲ್ಲ. ಅದೇ ವೇದಿಕೆಗೆ ಎಂಟನೆಯ ತರಗತಿ ಮುಗಿಸಿದ ಕೂಲಿಕಾರರ ಮಕ್ಕಳನ್ನೂ, ಅವರನ್ನು ಹಿಡಿದು ನಿಲ್ಲಿಸಿದ ಶಿಕ್ಷಕರನ್ನೂ, ಹಮಾಲಿ ಮಾಡಿ ಓದಿಸಿದ ತಂದೆತಾಯಿಯನ್ನೂ ಕರೆಯಲಿ. ಮುಂದಿನ ಸಾಲಿನಲ್ಲಿ ಅವರಿಗೆ ಕುರ್ಚಿ ಹಾಕಲಿ. ಸಂಘದ ಸದಸ್ಯತ್ವದ ಅರ್ಜಿಯೂ ಅಂದೇ ಅವರ ಕೈಗೆ ಬರಲಿ, ಶುಲ್ಕ ಕಡಿಮೆ ಇಟ್ಟರೂ ಚಿಂತೆಯಿಲ್ಲ.

ಕನ್ನಡ ಉಳಿಯಬೇಕು ಎಂಬ ಮಾತು ಪ್ರತಿ ನವೆಂಬರ್ ತಿಂಗಳಲ್ಲಿ ಪ್ರತಿ ವೇದಿಕೆಯಿಂದ ಕೇಳಿಬರುತ್ತದೆ. ಹೊರನಾಡಿನಲ್ಲಿ ಕನ್ನಡ ಉಳಿಯುವುದು ಕನ್ನಡ ಓದಬಲ್ಲ ಮಕ್ಕಳಿಂದ. ಅಂಥ ಮಕ್ಕಳನ್ನು ಹುಟ್ಟೂರಿನ ಶಾಲೆಗಳು ಐದು ವರ್ಷ ತಿದ್ದಿ ತೀಡಿ ಪುಣೆಗೆ ಕಳಿಸುತ್ತಿವೆ. ಇನ್ನು ಮೂರು ವರ್ಷ ಅವರ ಕೈ ಹಿಡಿಯುವುದು ಪುಣೆಯ ಕನ್ನಡಿಗರ ಪಾಲಿಗೆ ಬಂದ ಭಾಗ್ಯ. ಈ ವರ್ಷ ಒಂದು ಸಂಘ ಹತ್ತು ಮಕ್ಕಳ ಹೊಣೆ ಹೊತ್ತು ಆರಂಭಿಸಲಿ. ಎಂಟನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಆ ಹತ್ತೂ ಹೆಸರುಗಳು ಉಳಿದಿದ್ದರೆ, ಅದೇ ಆ ಸಂಘದ ನಿಜವಾದ ವಾರ್ಷಿಕ ವರದಿ.